ನಾಲ್ಕು ಡಾಕ್ಟ್ರು ಸೇರಿ ಕಟ್ಟಿದ ಅಕಾಡೆಮಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜರ್ಮನಿಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ, ಅಂದ್ರೆ ಲಿಯೋಪೋಲ್ಡಿನಾ ಬಗ್ಗೆನೇ ಆರೇಳು ಪ್ರಶ್ನೆ ಇದ್ವು, ಹೋದ ಸಂಚಿಕೆಲಿ ಅದರ ಹೆಸರನ್ನ ಒಂದೇ ಸಾಲಲ್ಲಿ ಹೇಳಿ ಮುಂದಕ್ಕೆ ಹೋಗಿದ್ದು ನಂದೇ ತಪ್ಪು. ಅದಕ್ಕೆ ಈ ಸಂಚಿಕೆ ಪೂರ್ತಿ ಅದಕ್ಕೇ ಬಿಟ್ಟಿದೀನಿ.

ಪ್ರಶ್ನೆ: ಸರ್, ನಾನು ಎಂಬಿಬಿಎಸ್ ಎರಡನೇ ವರ್ಷ. ಲಿಯೋಪೋಲ್ಡಿನಾ ಶುರು ಮಾಡಿದ್ದು ದೊಡ್ಡ ದೊಡ್ಡ ವಿಜ್ಞಾನಿಗಳಲ್ಲ, ಬರೀ ಡಾಕ್ಟರ್‌ಗಳು ಅಂತ ಬರೆದಿದ್ರಿ. ಇದು ನಿಜವಾ? ಅಥವಾ ನಮ್ಮನ್ನ ಖುಷಿಪಡಿಸೋಕೆ ಬರೆದ್ರಾ?

ಉತ್ತರ: ನಿಜಾನೇ. ಆದ್ರೆ ಆ "ಬರೀ" ಅನ್ನೋ ಪದ ನನ್ನದಲ್ಲ, ನಿಮ್ಮದು, ಅದನ್ನ ವಾಪಸ್ ತಗೊಳ್ಳಿ. 1652ರ ಜನವರಿ 1ನೇ ತಾರೀಕು ಮೈನ್ ನದಿ ದಡದ ಶ್ವೈನ್‌ಫುರ್ಟ್ ಅನ್ನೋ ಸಣ್ಣ ಊರಲ್ಲಿ ನಾಲ್ಕು ಜನ ವೈದ್ಯರು ಸೇರಿ ಇದನ್ನ ಶುರು ಮಾಡಿದ್ರು. ಯೋಹಾನ್ ಲೊರೆನ್ಜ್ ಬೌಶ್, ಯೋಹಾನ್ ಮಿಖಾಯೆಲ್ ಫೇರ್, ಗಿಯೋರ್ಗ್ ಬಾಲ್ಟಾಸರ್ ಮೆಟ್ಸ್‌ಗರ್, ಗಿಯೋರ್ಗ್ ಬಾಲ್ಟಾಸರ್ ವೋಲ್‌ಫಾರ್ಟ್. ಹೌದು, ಕೊನೇ ಇಬ್ಬರ ಮೊದಲ ಹೆಸರು ಒಂದೇ, ಪ್ರೂಫ್ ನೋಡೋರ ತಪ್ಪಲ್ಲ. ಆಗ ಅದರ ಹೆಸರು ಲ್ಯಾಟಿನ್‌ನಲ್ಲಿ ಅಕಾಡೆಮಿಯಾ ನಾಟುರೇ ಕುರಿಯೋಸೋರುಮ್, ಅಂದ್ರೆ ಪ್ರಕೃತಿ ಬಗ್ಗೆ ಕುತೂಹಲ ಇರೋರ ಅಕಾಡೆಮಿ ಅಂತ. ಲಂಡನ್ನಿನ ರಾಯಲ್ ಸೊಸೈಟಿ ಹುಟ್ಟಿದ್ದು 1660ರಲ್ಲಿ, ಪ್ಯಾರಿಸ್ಸಿನ ಅಕಾಡೆಮಿ 1666ರಲ್ಲಿ. ಅವೆರಡೂ ರಾಜಧಾನಿಲಿ ಹುಟ್ಟಿದ್ವು. ಇದು ಮಾತ್ರ ಮೂವತ್ತು ವರ್ಷದ ಯುದ್ಧ ಮುಗಿದು ನಾಲ್ಕೇ ವರ್ಷ ಆಗಿದ್ದಾಗ, ಸುತ್ತಮುತ್ತ ಎಲ್ಲ ಹಾಳುಬಿದ್ದಿರೋ ಹೊತ್ತಲ್ಲಿ, ಯೂನಿವರ್ಸಿಟಿ ಇಲ್ಲದ ಅರಮನೆ ಇಲ್ಲದ ಊರಲ್ಲಿ ರೋಗಿಗಳನ್ನ ನೋಡ್ಕೊಂಡು ಬದುಕ್ತಿದ್ದೋರು ಮಾಡಿದ್ದು.

ಈಗ "ಬರೀ ಡಾಕ್ಟರ್" ವಿಷಯ. ಆ ಕಾಲಕ್ಕೆ ವಿಜ್ಞಾನಿ ಅಂತ ಒಂದು ಕೆಲಸವೇ ಇರ್ಲಿಲ್ಲ. ಗಿಡಮೂಲಿಕೆ, ಖನಿಜ, ಪ್ರಾಣಿ, ರಸಾಯನ, ಹೆಣ ಕೊಯ್ದು ನೋಡೋದು, ಇದನ್ನೆಲ್ಲ ಒಟ್ಟಿಗೆ ಕಲಿಸ್ತಿದ್ದ ಜಾಗ ಅಂದ್ರೆ ಮೆಡಿಕಲ್ ಫ್ಯಾಕಲ್ಟಿ ಒಂದೇ, ಯಾಕಂದ್ರೆ ಔಷಧ ಬರ್ತಿದ್ದಿದ್ದೇ ಇವುಗಳಿಂದ. ಹಂಗಾಗಿ ಪ್ರಕೃತಿ ಬಗ್ಗೆ ಕುತೂಹಲ ಇರೋ ಹುಡುಗ ಡಾಕ್ಟರ್ ಓದ್ತಿದ್ದ, ಬೇರೆ ದಾರಿ ಇರ್ಲಿಲ್ಲ. ನೂರು ವರ್ಷ ಆದ್ಮೇಲೂ ಕಥೆ ಹೆಚ್ಚು ಬದಲಾಗಿರ್ಲಿಲ್ಲ, ಗಿಡ ಪ್ರಾಣಿಗಳಿಗೆಲ್ಲ ಎರಡೆರಡು ಹೆಸರಿಟ್ಟ ಲಿನೇಯಸ್ ಕೂಡ ಓದಿದ್ದು ವೈದ್ಯಕೀಯಾನೇ, ಆತನೂ ಈ ಅಕಾಡೆಮಿಯ ಸದಸ್ಯ.

ಪ್ರಶ್ನೆ: ಒಂದೇ ಊರಲ್ಲಿ ನಾಲ್ಕು ಡಾಕ್ಟ್ರು ಜಗಳ ಆಡ್ದೆ ಹೆಂಗೆ ಸೇರಿದ್ರು? ನಮ್ಮಲ್ಲಿ ಇಬ್ಬರು ಸೇರಲ್ಲ.

ಉತ್ತರ: ನಗು ಬಂತು. ಸೇರಿಸಿದ್ದು ಬೌಶ್ ಅನ್ಸುತ್ತೆ ನಂಗೆ, ಆತ ಊರಿನ ಅಧಿಕೃತ ವೈದ್ಯ, ಅಪ್ಪನೂ ಅದೇ ಊರಲ್ಲಿ ವೈದ್ಯ, ಮನೇಲಿ ದೊಡ್ಡ ಪುಸ್ತಕ ಸಂಗ್ರಹ ಬೇರೆ. ಆ ಪುಸ್ತಕಗಳು ಇವತ್ತಿಗೂ ಆ ಊರಿನ ದಫ್ತರಖಾನೇಲಿ ಇವೆ. ಹಿರಿಯ ಮನುಷ್ಯ ಕರೆದಾಗ ಉಳಿದೋರು ಬಂದಿರ್ಬೇಕು.

ಪ್ರಶ್ನೆ: ಸರ್, ಶುರು ಮಾಡಿದ್ರು ಸರಿ, ಏನು ಕಂಡುಹಿಡಿದ್ರು? ಹೆಸರು ಕೇಳಿರೋ ಒಂದು ಡಿಸ್ಕವರಿನಾದ್ರೂ ಇದ್ಯಾ ಈ ನಾಲ್ಕು ಜನದ್ದು?

ಉತ್ತರ: ಇಲ್ಲ. ಮುಚ್ಚುಮರೆ ಯಾಕೆ, ಮೊದಲ ಪ್ಲಾನ್ ಪೂರ್ತಿ ನೆಲ ಕಚ್ತು. ಆದ್ರೆ ಹೆಂಗೆ ನೆಲ ಕಚ್ತು ಅನ್ನೋದೇ ನಂಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ, ಅದಕ್ಕೆ ಸ್ವಲ್ಪ ಉದ್ದ ಹೇಳ್ತೀನಿ, ಬೇಜಾರಾದ್ರೆ ಮುಂದಿನ ಪ್ರಶ್ನೆಗೆ ಹೋಗಿ.

ಅವರು ಹಾಕ್ಕೊಂಡ ನಿಯಮ ಏನಪ್ಪಾ ಅಂದ್ರೆ, ಪ್ರತಿಯೊಬ್ಬ ಸದಸ್ಯನೂ ಒಂದು ಗಿಡ ಅಥವಾ ಒಂದು ಪ್ರಾಣಿ ಅಥವಾ ಒಂದು ಖನಿಜ ಆರಿಸ್ಕೋಬೇಕು, ಅದಕ್ಕೆ ಯಾವ್ಯಾವ ಹೆಸರಿದೆ, ಎಲ್ಲಿ ಹುಟ್ಟುತ್ತೆ, ಎಷ್ಟು ಜಾತಿ ಇದೆ, ಅದರಿಂದ ಏನೇನು ಔಷಧ ಆಗುತ್ತೆ ಅಂತ ತಲೆಯಿಂದ ಬಾಲದವರೆಗೂ ಬರೆದು ಆರು ತಿಂಗಳಲ್ಲಿ ಒಪ್ಪಿಸ್ಬೇಕು. ಎಲ್ಲ ಸೇರಿಸಿದ್ರೆ ಔಷಧ ಕೊಡೋ ಪ್ರಕೃತಿಯ ಒಂದು ಮಹಾಕೋಶ ಆಗ್ಬಿಡುತ್ತೆ ಅನ್ನೋ ಕನಸು. ಹಗಲೆಲ್ಲ ರೋಗಿ ನೋಡಿ ರಾತ್ರಿ ದೀಪ ಹಚ್ಕೊಂಡು ಬರೆಯೋರಿಗೆ ಆರು ತಿಂಗಳು! ಥೀಸಿಸ್ ಬರೆದಿರೋರಿಗೆ ಇದು ಗೊತ್ತಾಗುತ್ತೆ. ಮೊದಲ ಪುಸ್ತಕ ಹೊರಗೆ ಬಂದಿದ್ದು 1661ರಲ್ಲಿ, ಅಂದ್ರೆ ಒಂಬತ್ತು ವರ್ಷ ಬಿಟ್ಟು, ಅದೂ ಆ ನಾಲ್ವರಲ್ಲಿ ಒಬ್ಬರದ್ದಲ್ಲ, ಆಮೇಲೆ ಸೇರಿದ ಬ್ರೆಸ್ಲಾವ್ ಊರಿನ (ಈಗ ಪೋಲೆಂಡಿನಲ್ಲಿದೆ) ಡಾಕ್ಟರ್ ಫಿಲಿಪ್ ಯಾಕೋಬ್ ಸಾಕ್ಸ್ ಅವರದ್ದು, ದ್ರಾಕ್ಷಿ ಬಳ್ಳಿ ಬಗ್ಗೆ. ಅದೇ ಮನುಷ್ಯ 1665ರಲ್ಲಿ ಏಡಿಗಳ ಬಗ್ಗೆನೂ ಒಂದು ಪುಸ್ತಕ ತಂದ್ರು. ಕೆಲವರಿಗೆ ಮಾತ್ರ ಎಲ್ಲಿಂದಲೋ ಟೈಮ್ ಸಿಗುತ್ತೆ ನೋಡಿ.

ಬೌಶ್ ಅವರ ಸರದಿಯ ಪುಸ್ತಕ ಬಂದಿದ್ದು ಅವರು ತೀರ್ಕೊಂಡ 1665ರಲ್ಲೇ. ಅವರು ಆರಿಸ್ಕೊಂಡಿದ್ದು ಎರಡು ಕಲ್ಲು. ಒಂದು ಹೆಮಟೈಟ್, ಕಬ್ಬಿಣದ ಅದಿರು, ತೇಯ್ದರೆ ರಕ್ತದ ಹಂಗೆ ಕೆಂಪಗೆ ಇಳಿಯುತ್ತೆ, ಹಂಗಾಗಿ ರಕ್ತ ನಿಲ್ಲಿಸುತ್ತೆ ಅಂತ ನಂಬಿಕೆ. ಇನ್ನೊಂದು ಹದ್ದಿನ ಕಲ್ಲು. ಇದು ಮಜವಾಗಿದೆ: ಒಳಗೆ ಪೊಳ್ಳಾಗಿರೋ ಕಲ್ಲು, ಪೊಳ್ಳಿನೊಳಗೆ ಇನ್ನೊಂದು ಚೂರು ಕಲ್ಲು ಸಡಿಲವಾಗಿ ಕೂತಿರುತ್ತೆ, ಕಿವಿ ಹತ್ರ ಹಿಡಿದು ಅಲ್ಲಾಡಿಸಿದ್ರೆ ಗಲಗಲ ಅನ್ನುತ್ತೆ. ಕಲ್ಲಿನ ಹೊಟ್ಟೇಲಿ ಕಲ್ಲು, ಬಸುರಿಯ ಹೊಟ್ಟೇಲಿ ಮಗು ಇದ್ದಂಗೆ. ಅದಕ್ಕೆ ಗರ್ಭ ನಿಲ್ಲಲಿ ಅಂತ ಬಸುರಿಯ ತೋಳಿಗೆ ಕಟ್ತಿದ್ರು, ಹೆರಿಗೆ ಹೊತ್ತಿಗೆ ಬಿಚ್ಚಿ ತೊಡೆಗೆ ಕಟ್ತಿದ್ರು, ಮಗು ಆ ಕಡೆ ಎಳ್ಕೊಂಡು ಬರ್ಲಿ ಅಂತ. ಹದ್ದಿನ ಗೂಡಲ್ಲಿ ಸಿಗುತ್ತೆ ಅಂತ ಪ್ರಾಚೀನರು ಬರೆದಿದ್ರಿಂದ ಆ ಹೆಸರು. ಫೇರ್ ಮಹಾಶಯರು 1666ರಲ್ಲಿ ಬರೆದಿದ್ದು ಸ್ಕೋರ್ಜೊನೆರಾ ಅನ್ನೋ ಕಪ್ಪು ಸಿಪ್ಪೆಯ ಗೆಡ್ಡೆ ಬಗ್ಗೆ, ಹಾವಿನ ವಿಷಕ್ಕೆ ಮದ್ದು ಅಂತ ಆಗ ಅದಕ್ಕೆ ಭಾರೀ ಹೆಸರು, ಪುಸ್ತಕಕ್ಕೆ "ಪವಿತ್ರ ಲಂಗರು" ಅಂತ ಅರ್ಥ ಬರೋ ಟೈಟಲ್ ಬೇರೆ ಕೊಟ್ರು. ಇವತ್ತು ಅದು ಯುರೋಪಿನಲ್ಲಿ ಬರೀ ತರಕಾರಿ.

ನಗಬೇಡಿ ಅಂತ ಹೇಳಲ್ಲ, ನಾನೂ ನಕ್ಕಿದೀನಿ. ಆದ್ರೆ ಈ ಪುಸ್ತಕಗಳ ಕಾಯಿಲೆ ಎಲ್ಲಿತ್ತು ಅಂದ್ರೆ, ಹಳೇ ಪುಸ್ತಕದಲ್ಲಿ ಇದ್ದಿದ್ದನ್ನೆಲ್ಲ ಗುಡ್ಡೆ ಹಾಕಿದ್ದೇ ಜಾಸ್ತಿ, ಕಣ್ಣಾರೆ ಕಂಡಿದ್ದು ಕಮ್ಮಿ. ಇದನ್ನ ರಿಪೇರಿ ಮಾಡಿದ್ದು ಮತ್ತೆ ಸಾಕ್ಸ್ ಅವರೇ. ಮಹಾಕೋಶ ಆಮೇಲೆ ನೋಡೋಣ, ನೀವು ನಿಮ್ಮ ಊರಲ್ಲಿ ನಿಮ್ಮ ರೋಗಿ ಹತ್ರ ಏನು ನೋಡಿದ್ರಿ ಅದನ್ನ ಒಂದೆರಡು ಪುಟದಲ್ಲಿ ಬರೆದು ಕಳಿಸಿ ಸಾಕು, ಅನ್ನೋ ಲೆಕ್ಕಕ್ಕೆ ಬಂದ್ರು. 1670ರಲ್ಲಿ ಮಿಸೆಲೇನಿಯಾ ಕುರಿಯೋಸಾ ಅನ್ನೋ ವಾರ್ಷಿಕ ಪತ್ರಿಕೆ ಶುರುವಾಯ್ತು. ಲಂಡನ್ ಪ್ಯಾರಿಸ್‌ಗಳಲ್ಲಿ 1665ರಿಂದಲೇ ಪತ್ರಿಕೆ ಬರ್ತಿದ್ವು, ಆದ್ರೆ ವೈದ್ಯರು ವೈದ್ಯರಿಗಾಗಿ ನಡೆಸಿದ ವೈದ್ಯಕೀಯ ವಿಜ್ಞಾನ ಪತ್ರಿಕೆಗಳಲ್ಲಿ ಇದೇ ತೀರಾ ಹಳೇದು ಅಂತ ಲೆಕ್ಕ. ಒಳಗೆ ಏನಿತ್ತು? ಒಂದೊಂದು ಬರಹಕ್ಕೂ "ಅವಲೋಕನ" ಅಂತಲೇ ಹೆಸರು, ಅಂದ್ರೆ ನೋಡಿದ್ದು. ವಿಚಿತ್ರ ಜ್ವರ, ಮೂತ್ರಕೋಶದಿಂದ ತೆಗೆದ ಕಲ್ಲು, ಅಂಗ ಹೆಚ್ಚುಕಮ್ಮಿಯಾಗಿ ಹುಟ್ಟಿದ ಮಗು, ಹೆಣ ಕೊಯ್ದಾಗ ಕಂಡಿದ್ದು. ಎಷ್ಟೋ ಬರಹದ ಕೆಳಗೆ ಇನ್ನೊಬ್ಬರ ಟಿಪ್ಪಣಿ, "ಇಂಥದ್ದೇ ಕೇಸು ಇಂತಲ್ಲೂ ಆಗಿತ್ತು" ಅನ್ನೋ ಥರ. ಸುಳ್ಳುಪಳ್ಳೂ ಬೇಕಾದಷ್ಟು ನುಗ್ತು, ಎರಡು ತಲೆ ಕಥೆಗಳಿಗೆ ಆಗಲೂ ಡಿಮ್ಯಾಂಡು. ಆದ್ರೂ ಯೋಚನೆ ಮಾಡಿ, ಒಂದು ಸಣ್ಣ ಊರಿನ ಡಾಕ್ಟರ್ ಜೀವಮಾನದಲ್ಲಿ ಒಂದು ಅಪರೂಪದ ಕಾಯಿಲೆ ಒಂದೇ ಸಲ ನೋಡ್ತಾನೆ, ಅದು ಅವನ ಜೊತೆನೇ ಮಣ್ಣಾಗುತ್ತೆ. ನೂರು ಊರಿನ ನೂರು ಡಾಕ್ಟರ್ ಬರೆದು ಕಳಿಸಿದ್ರೆ ಅಪರೂಪದ್ದು ಅಪರೂಪವಾಗಿ ಉಳಿಯಲ್ಲ. ನೀವು ಈಗ ಫೈನಲ್ ಇಯರ್‌ನಲ್ಲಿ ಬರೆಯೋಕೆ ಒದ್ದಾಡೋ ಕೇಸ್ ರಿಪೋರ್ಟಿನ ಮುತ್ತಜ್ಜಿ ಇದು. ಪಾಪ, ಸಾಕ್ಸ್ ಮಾತ್ರ ಪತ್ರಿಕೆ ಶುರುವಾದ ಎರಡೇ ವರ್ಷಕ್ಕೆ, 1672ರಲ್ಲಿ ತೀರ್ಕೊಂಡ್ರು. ಪತ್ರಿಕೆ ಹೆಸರು ಬದಲಾಯಿಸ್ಕೊಂಡು ಇವತ್ತಿಗೂ ನೋವಾ ಆಕ್ಟಾ ಲಿಯೋಪೋಲ್ಡಿನಾ ಅಂತ ಬರ್ತಾ ಇದೆ.

ಪ್ರಶ್ನೆ: ಲಿಯೋಪೋಲ್ಡ್ ಅನ್ನೋ ರಾಜನ ಹೆಸರು ಎಲ್ಲಿಂದ ಬಂತು? ಅವನೂ ಡಾಕ್ಟರ್ರಾ?

ಉತ್ತರ: ಅಲ್ಲ ಮಾರಾಯ್ರೆ, ಆತ ವಿಯೆನ್ನಾದಲ್ಲಿ ಕೂತಿದ್ದ ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿ ಒಂದನೇ ಲಿಯೋಪೋಲ್ಡ್. ಪತ್ರಿಕೆ ಅವನಿಗೆ ಅರ್ಪಿಸಿ ಅರ್ಪಿಸಿ 1677ರಲ್ಲಿ ಮಾನ್ಯತೆ ಪಡ್ಕೊಂಡ್ರು, 1687ರಲ್ಲಿ ದೊಡ್ಡ ಸವಲತ್ತು ಸಿಕ್ತು, ಆಗ ಅವನ ಹೆಸರೂ ಅಂಟ್ಕೊಳ್ತು. ಸವಲತ್ತಲ್ಲಿ ಒಂದು ನಿಜವಾಗ್ಲೂ ಬೆಲೆಬಾಳೋದು: ಅಕಾಡೆಮಿ ಪ್ರಕಟಣೆಗಳಿಗೆ ಸೆನ್ಸಾರ್ ಇಲ್ಲ. ಉಳಿದಿದ್ದು ಕೇಳಿದ್ರೆ ನಗು ಬರುತ್ತೆ, ಅಧ್ಯಕ್ಷನಿಗೆ ಚಕ್ರವರ್ತಿಯ ಆಸ್ಥಾನ ವೈದ್ಯ ಅನ್ನೋ ಬಿರುದು, ಜೊತೆಗೆ ಕೌಂಟ್ ಪದವಿ, ಆ ಪದವಿ ಇದ್ದೋರು ನೋಟರಿಗಳನ್ನ ನೇಮಕ ಮಾಡ್ಬಹುದು, ಡಾಕ್ಟರೇಟ್ ಕೊಡ್ಬಹುದು, ಕವಿಗಳಿಗೆ ಕಿರೀಟ ಇಡ್ಬಹುದು, ಮದುವೆ ಆಚೆ ಹುಟ್ಟಿದ ಮಕ್ಕಳನ್ನ ಕಾನೂನಿನ ಪ್ರಕಾರ ಸಕ್ರಮ ಮಾಡ್ಬಹುದು. ಬೆಳಿಗ್ಗೆ ನಾಡಿ ನೋಡಿ ಸಂಜೆ ಕವಿಗೆ ಕಿರೀಟ.

ಇನ್ನೊಂದು, ಆಗ ಅಕಾಡೆಮಿಗೆ ಸ್ವಂತ ಕಟ್ಟಡ ಇರ್ಲಿಲ್ಲ, ಅಧ್ಯಕ್ಷ ಯಾವ ಊರಲ್ಲಿ ಪ್ರಾಕ್ಟೀಸ್ ಮಾಡ್ತಾನೋ ಅದೇ ಅಕಾಡೆಮಿ. ನ್ಯೂರೆಂಬರ್ಗ್, ಆಗ್ಸ್‌ಬರ್ಗ್ ಅಂತ ಪೆಟ್ಟಿಗೆ ಹೊತ್ಕೊಂಡು ಸುತ್ತಿ ಸುತ್ತಿ 1878ರಲ್ಲಿ ಹಾಲೆ ಅನ್ನೋ ಊರಲ್ಲಿ ನೆಲೆ ನಿಲ್ತು, ಈಗಲೂ ಅಲ್ಲೇ ಇದೆ.

ಪ್ರಶ್ನೆ: ಡಾಕ್ಟರ್‌ಗಳ ಹಿಡಿತ ಯಾವಾಗ ತಪ್ಪಿದ್ದು?

ಉತ್ತರ: ಇಂಥ ದಿನ ಅಂತ ಇಲ್ಲ, ನಿಧಾನಕ್ಕೆ. ಸಸ್ಯಶಾಸ್ತ್ರ, ರಸಾಯನಶಾಸ್ತ್ರ ಎಲ್ಲ ಮೆಡಿಕಲ್ ಫ್ಯಾಕಲ್ಟಿಯಿಂದ ಬೇರೆ ಮನೆ ಮಾಡ್ಕೊಂಡು ಹೋದಂಗೆ ಸದಸ್ಯರ ಪಟ್ಟಿನೂ ಬದಲಾಯ್ತು. 1789ರಲ್ಲಿ ಮೊದಲ ಮಹಿಳೆ ಬಂದ್ರು, ರಷ್ಯಾದ ರಾಜಕುಮಾರಿ ದಾಶ್ಕೋವಾ, ಪೀಟರ್ಸ್‌ಬರ್ಗ್ ಅಕಾಡೆಮಿ ನಡೆಸ್ತಿದ್ದೋರು. 1818ರಲ್ಲಿ ಕವಿ ಗಯಟೆ. ಅದೇ ವರ್ಷ ಅಧ್ಯಕ್ಷ ಆದ ನೇಸ್ ಫಾನ್ ಎಸೆನ್‌ಬೆಕ್ ಇದಕ್ಕೆ ಒಳ್ಳೇ ಉದಾಹರಣೆ, ಓದಿದ್ದು ವೈದ್ಯಕೀಯ, ಸ್ವಲ್ಪ ದಿನ ಪ್ರಾಕ್ಟೀಸ್ ಮಾಡಿದ್ದೂ ಹೌದು, ಬದುಕಿದ್ದು ಮಾತ್ರ ಸಸ್ಯಶಾಸ್ತ್ರಜ್ಞನಾಗಿ. ನಲವತ್ತು ವರ್ಷ ಅಧ್ಯಕ್ಷರು. ಕಾರ್ಮಿಕರ ಪರ ರಾಜಕೀಯ ಮಾಡಿದ್ರು ಅಂತ 1850ರ ದಶಕದ ಶುರುವಲ್ಲಿ ಯೂನಿವರ್ಸಿಟಿ ಕೆಲಸದಿಂದ ತೆಗೆದ್ರು, ಸಂಗ್ರಹಿಸಿದ ಒಣಗಿಡಗಳನ್ನೆಲ್ಲ ಮಾರ್ಕೊಂಡು ಜೀವನ ಮಾಡಿದ್ರು, ಆದ್ರೂ 1858ರಲ್ಲಿ ಸಾಯೋವರೆಗೂ ಅಕಾಡೆಮಿ ಅಧ್ಯಕ್ಷಗಿರಿ ಬಿಡ್ಲಿಲ್ಲ, ಅಕಾಡೆಮಿನೂ ಅವರನ್ನ ಬಿಡ್ಲಿಲ್ಲ. ಅವರ ಕಾಲದಲ್ಲೇ, 1857ರಲ್ಲಿ, ಡಾರ್ವಿನ್‌ನ ಸದಸ್ಯ ಮಾಡ್ಕೊಂಡ್ರು, ಆ ಜಗತ್ಪ್ರಸಿದ್ಧ ಪುಸ್ತಕ ಬರೋಕೆ ಎರಡು ವರ್ಷ ಮುಂಚೆ. ಡಾರ್ವಿನ್ ಕೂಡ ಎಡಿನ್‌ಬರೋದಲ್ಲಿ ಮೆಡಿಕಲ್ ಸೇರಿ ಅರ್ಧಕ್ಕೆ ಬಿಟ್ಟು ಓಡಿಬಂದ ಗಿರಾಕಿನೇ!

ಪ್ರಶ್ನೆ: ಐನ್‌ಸ್ಟೈನ್ ಹೆಸರನ್ನ ಈ ಅಕಾಡೆಮಿ ಹೊಡೆದುಹಾಕಿತ್ತು ಅಂತಾರೆ. ಅದರಲ್ಲೂ ಡಾಕ್ಟರ್‌ಗಳ ಕೈ ಇತ್ತಾ? ಬೇಜಾರಾಗ್ಬೇಡಿ, ಕೇಳ್ಬೇಕು ಅನ್ನಿಸ್ತು.

ಉತ್ತರ: ಬೇಜಾರು ಯಾಕೆ, ಇದನ್ನ ಯಾರೂ ಕೇಳದೇ ಇದ್ದಿದ್ರೆ ನಾನೇ ಬರೀತಿದ್ದೆ. ಹೌದು, ಇತ್ತು. 1932ರಿಂದ 1950ರವರೆಗೆ ಅಧ್ಯಕ್ಷ ಆಗಿದ್ದೋರು ಎಮಿಲ್ ಅಬ್ಡರ್‌ಹಾಲ್ಡನ್, ಸ್ವಿಟ್ಜರ್ಲೆಂಡಲ್ಲಿ ಹುಟ್ಟಿ ವೈದ್ಯಕೀಯ ಓದಿ ಹಾಲೆಯಲ್ಲಿ ಶರೀರಕ್ರಿಯಾ ಶಾಸ್ತ್ರದ ಪ್ರೊಫೆಸರ್ ಆಗಿದ್ದೋರು. ಐನ್‌ಸ್ಟೈನ್ ಸದಸ್ಯ ಆಗಿದ್ದು 1932ರಲ್ಲಿ, ಹಿಟ್ಲರ್ ಬಂದ 1933ರಲ್ಲೇ ಹೆಸರು ಹೋಯ್ತು. ಸದಸ್ಯರ ದಾಖಲೆಲಿ ಪೆನ್ಸಿಲ್ಲಿಂದ ಹೊಡೆದಿದ್ರು. ಪೆನ್ಸಿಲ್ಲು ಅನ್ನೋದು ನಂಗೆ ತಲೇಲಿ ಕೂತ್ಬಿಟ್ಟಿದೆ, ಬೇಕಾದ್ರೆ ಅಳಿಸ್ಬಹುದು ಅಂತ ಪೆನ್ಸಿಲ್ ತಗೊಂಡ್ರೋ ಕೈಗೆ ಸಿಕ್ಕಿದ್ದು ಅದೊಂದೇನೋ, ಹೆಂಗೂ ಹೆಸರು ಹೋಗೋಕೆ ಅಷ್ಟೇ ಸಾಕಾಯ್ತು. ಆಮೇಲಿನ ವರ್ಷಗಳಲ್ಲಿ 70ಕ್ಕೂ ಹೆಚ್ಚು ಯಹೂದಿ ಸದಸ್ಯರ ಹೆಸರು ಹಿಂಗೇ ಹೋಯ್ತು, ಅವರಲ್ಲಿ ತುಂಬ ಜನ ಡಾಕ್ಟರ್‌ಗಳೇ. ಕೆಲವರು ಮತ್ತೆ ಮನೆಗೆ ಬರ್ಲೇ ಇಲ್ಲ. ಪ್ರಾಗ್‌ನ ಔಷಧಶಾಸ್ತ್ರಜ್ಞ ಎಮಿಲ್ ಸ್ಟಾರ್ಕೆನ್‌ಸ್ಟೈನ್ ಅವರನ್ನ 1942ರಲ್ಲಿ ಮೌಟ್‌ಹೌಸನ್ ಕ್ಯಾಂಪಲ್ಲಿ ಕೊಂದ್ರು. ಬರ್ಲಿನ್ನಿನ ನರರೋಗ ವೈದ್ಯ ಆರ್ತೂರ್ ಸೈಮನ್ಸ್ ಅವರನ್ನೂ ಅದೇ ವರ್ಷ ಎಸ್ಟೋನಿಯಾಗೆ ಸಾಗಿಸಿ ಕೊಂದ್ರು. ಕೊಲೆಯಾದ ಸದಸ್ಯರ ಹೆಸರು ಕೆತ್ತಿದ ಸ್ಮಾರಕ ಹಾಲೆಯಲ್ಲಿ ನಿಂತಿದ್ದು 2009ರಲ್ಲಿ. ಎಷ್ಟು ವರ್ಷ ತಗೊಂಡ್ರು ಅಂತ ನೀವೇ ಲೆಕ್ಕ ಹಾಕಿ.

ಅಬ್ಡರ್‌ಹಾಲ್ಡನ್ ಕಥೆಗೆ ಇನ್ನೊಂದು ಮಗ್ಗಲಿದೆ. ಆತ ಹೆಸರು ಮಾಡಿದ್ದು "ರಕ್ಷಣಾ ಕಿಣ್ವ" ಅನ್ನೋ ಸಿದ್ಧಾಂತದಿಂದ, ದೇಹಕ್ಕೆ ಹೊರಗಿನ ಪ್ರೋಟೀನ್ ನುಗ್ಗಿದ್ರೆ ಅದನ್ನ ಕತ್ತರಿಸೋಕೆ ದೇಹ ಅದಕ್ಕೇ ಅಂತ ಒಂದು ಕಿಣ್ವ ಮಾಡುತ್ತೆ, ಅದನ್ನ ರಕ್ತದಲ್ಲಿ ಹುಡುಕಿ ಬಸುರಿ ಹೌದೋ ಅಲ್ವೋ ಹೇಳ್ಬಹುದು, ಮಾನಸಿಕ ಕಾಯಿಲೆನೂ ಪತ್ತೆ ಹಚ್ಬಹುದು ಅಂತ. ಲಿಯೊನೋರ್ ಮಿಖಾಯೆಲಿಸ್ (ಬಯೋಕೆಮಿಸ್ಟ್ರಿಲಿ ಮಿಖಾಯೆಲಿಸ್–ಮೆಂಟೆನ್ ಸಮೀಕರಣ ಬಾಯಿಪಾಠ ಮಾಡಿದೀರಲ್ಲ, ಅದೇ ಮನುಷ್ಯ, ಆತನೂ ಡಾಕ್ಟರ್ರೇ) ಅದೇ ಪರೀಕ್ಷೆ ಮಾಡಿ ನೋಡಿ 1914ರಲ್ಲೇ ಬರೆದ್ರು, ಇದು ಕೆಲಸ ಮಾಡಲ್ಲ ಅಂತ. ಜರ್ಮನಿಲಿ ಅವರಿಗೆ ಸರಿಯಾದ ಪೋಸ್ಟ್ ಸಿಗಲೇ ಇಲ್ಲ, 1922ರಲ್ಲಿ ಜಪಾನಿಗೆ ಹೊರಟುಹೋದ್ರು, ಆಮೇಲೆ ಅಮೆರಿಕಾ. ಅಬ್ಡರ್‌ಹಾಲ್ಡನ್ ಮಾತ್ರ ಅಕಾಡೆಮಿ ಅಧ್ಯಕ್ಷ. ಆ ಕಿಣ್ವ ಇರ್ಲೇ ಇಲ್ಲ ಅನ್ನೋದು ಈಗ ಎಲ್ಲರೂ ಒಪ್ಪಿರೋ ಮಾತು. ನೋಡಿದ್ದನ್ನ ನೋಡಿದ ಹಂಗೆ ಬರೆದು ಕಳಿಸಿ, ಪಕ್ಕದೋರು ಟಿಪ್ಪಣಿ ಹಾಕ್ತಾರೆ ಅಂತ ಸಾಕ್ಸ್ ಹಾಕಿಕೊಟ್ಟ ದಾರಿ ಇತ್ತಲ್ಲ, ಅದೇ ಸಂಸ್ಥೆಯ ಮೇಲಿನ ಕುರ್ಚೀಲಿ ಪಕ್ಕದೋರ ಟಿಪ್ಪಣಿ ಕೇಳಿಸ್ಕೊಳ್ದೇ ಇರೋ ಮನುಷ್ಯ ಹದಿನೆಂಟು ವರ್ಷ ಕೂತಿದ್ದ.

ಪ್ರಶ್ನೆ: ಪೂರ್ವ ಜರ್ಮನಿ ಇದ್ದಾಗ ಅಕಾಡೆಮಿ ಗತಿ ಏನಾಯ್ತು?

ಉತ್ತರ: ಹಾಲೆ ಇದ್ದಿದ್ದೇ ಪೂರ್ವ ಜರ್ಮನಿಲಿ. ಆದ್ರೂ ಪಶ್ಚಿಮದ ಸದಸ್ಯರನ್ನ ಇದು ಕೈಬಿಡ್ಲಿಲ್ಲ, ಬರ್ಲಿನ್ ಗೋಡೆ ಎದ್ದ ಮೇಲೂ ಎರಡೂ ಕಡೆಯೋರು ಹಾಲೆಯ ಸಭೇಲಿ ಒಟ್ಟಿಗೆ ಕೂರ್ತಿದ್ರು. 1954ರಿಂದ 1974ರವರೆಗೆ ಇದನ್ನ ಕಾಪಾಡಿದ್ದು ಕುರ್ಟ್ ಮೋಥೆಸ್, ಅವರು ಡಾಕ್ಟರ್ ಅಲ್ಲ, ಸಸ್ಯಗಳ ರಸಾಯನ ಓದಿದೋರು. ಅದಕ್ಕೆ ಈ ಅಂಕಣದ ಲೆಕ್ಕದಲ್ಲಿ ಅವರಿಗೆ ಇಷ್ಟೇ ಜಾಗ, ಕ್ಷಮೆ ಇರ್ಲಿ.

ಪ್ರಶ್ನೆ: ಈಗ ಅಲ್ಲಿ ಡಾಕ್ಟರ್‌ಗಳಿಗೆ ಬೆಲೆ ಇದ್ಯಾ ಇಲ್ವಾ? ಕೊರೋನಾ ಟೈಮಲ್ಲಿ ಈ ಹೆಸರು ತುಂಬ ಕೇಳಿದ್ವಿ.

ಉತ್ತರ: ಇದೆ. ಜರ್ಮನಿ ಸರ್ಕಾರ ಇದನ್ನ ಅಧಿಕೃತವಾಗಿ ರಾಷ್ಟ್ರೀಯ ಅಕಾಡೆಮಿ ಮಾಡಿದ್ದೇ 2008ರಲ್ಲಿ, ಹುಟ್ಟಿ 356 ವರ್ಷ ಆದ್ಮೇಲೆ, ಆಗ ಅಧ್ಯಕ್ಷರಾಗಿದ್ದ ಫೋಲ್ಕರ್ ಟೆರ್ ಮೋಯ್ಲನ್ ವೈದ್ಯಕೀಯ ಓದಿದ ವೈರಾಣು ತಜ್ಞ, ದಡಾರದ ವೈರಸ್ ಮಿದುಳಿಗೆ ಏನು ಮಾಡುತ್ತೆ ಅಂತ ಜೀವಮಾನ ಕೆಲಸ ಮಾಡಿದೋರು. ಅದೂ ವ್ಯೂರ್ಟ್ಸ್‌ಬುರ್ಗ್‌ನಲ್ಲಿ, ಶ್ವೈನ್‌ಫುರ್ಟ್‌ನ ಪಕ್ಕದೂರು! ಈಗ ಅಕಾಡೆಮಿಲಿ ನಾಲ್ಕು ವಿಭಾಗ ಇವೆ, ವೈದ್ಯಕೀಯ ಅದರಲ್ಲಿ ಒಂದು. ಒಂದು ಕಾಲಕ್ಕೆ ಪೂರ್ತಿ ಮನೆ ಅವರದ್ದೇ ಆಗಿತ್ತು, ಈಗ ನಾಲ್ಕರಲ್ಲಿ ಒಂದು ರೂಮು ಅನ್ನಿ.

ಕೊರೋನಾ ಬಂದಾಗ ಅಧ್ಯಕ್ಷರಾಗಿದ್ದೋರು ಹವಾಮಾನ ವಿಜ್ಞಾನಿ ಗೆರಾಲ್ಡ್ ಹೌಗ್. 2020ರ ಡಿಸೆಂಬರ್ 8ಕ್ಕೆ ಅಕಾಡೆಮಿ ಕಟ್ಟುನಿಟ್ಟಾಗಿ ಲಾಕ್‌ಡೌನ್ ಮಾಡಿ ಅಂತ ಹೇಳಿಕೆ ಕೊಡ್ತು, 16ಕ್ಕೆ ಲಾಕ್‌ಡೌನ್ ಬಂತು. ಆಗ ಅಲ್ಲಿ ದೊಡ್ಡ ವಾದ ಎದ್ತು, ವಿಜ್ಞಾನ ಹೇಳ್ತಾ ಇರೋದಾ ಇಲ್ಲ ಸರ್ಕಾರಕ್ಕೆ ಬೇಕಾಗಿದ್ದನ್ನ ವಿಜ್ಞಾನದ ಬಾಯಲ್ಲಿ ಹೇಳಿಸ್ತಿರೋದಾ ಅಂತ. ಅದಕ್ಕೆ ಮುಂಚೆ ಏಪ್ರಿಲ್‌ನಲ್ಲಿ ಶಾಲೆ ತೆರೆಯೋದರ ಬಗ್ಗೆ ಎಲ್ಲ ಸಲಹೆ ಕೊಟ್ಟ ತಂಡದಲ್ಲಿ 26 ಜನ ಇದ್ರು, ಅದರಲ್ಲಿ ಹೆಂಗಸರು ಇಬ್ರೇ. ಸರಿಯಾಗೇ ಬೈಸ್ಕೊಂಡ್ರು. 2025ರಲ್ಲಿ ಮೊದಲ ಮಹಿಳಾ ಅಧ್ಯಕ್ಷೆ ಬಂದಿದಾರೆ, ಬೆಟಿನಾ ರೋಕನ್‌ಬಾಖ್, ಅರ್ಥಶಾಸ್ತ್ರಜ್ಞೆ.

ಪ್ರಶ್ನೆ: (ಮೊದಲ ಪ್ರಶ್ನೆ ಕೇಳಿದ ಎಂಬಿಬಿಎಸ್ ವಿದ್ಯಾರ್ಥಿನಿಯೇ ಪತ್ರದ ಕೊನೇಲಿ ಸೇರಿಸಿದ್ದು) ಸರ್, ಸದಸ್ಯರಿಗೆಲ್ಲ ಅಡ್ಡಹೆಸರು ಕೊಡ್ತಿದ್ರಂತೆ, ನಾನು ಮುಂದೆ ಯಾವತ್ತಾದ್ರೂ ಸದಸ್ಯೆ ಆದ್ರೆ ನಂಗೂ ಕೊಡ್ತಾರಾ?

ಉತ್ತರ: ಕೊಡ್ತಿದ್ರು, ಚಿನ್ನದ ತುಪ್ಪಳ ಹುಡುಕ್ಕೊಂಡು ಹಡಗು ಹತ್ತಿದ ಗ್ರೀಕ್ ವೀರರ ಹೆಸರುಗಳಿಂದ ಶುರು ಮಾಡಿದ್ರು, ಬೌಶ್ ಆ ಹಡಗಿನ ನಾಯಕ ಜೇಸನ್, ಫೇರ್ ಅರ್ಗೊನೌಟಾ. ನಂಗೆ ತುಂಬ ಇಷ್ಟವಾದ ಅಡ್ಡಹೆಸರು ರುಂಫಿಯಸ್ ಅನ್ನೋರದ್ದು, ಅವರು ಡಾಕ್ಟರ್ರೂ ಅಲ್ಲ, ಡಚ್ ಕಂಪನಿ ನೌಕರ, ಇಂಡೋನೇಷ್ಯಾದ ಅಂಬೋನ್ ದ್ವೀಪದಲ್ಲಿ ಕೂತು 1670ರಲ್ಲಿ ಎರಡೂ ಕಣ್ಣು ಹೋದ ಮೇಲೂ ಬೇರೆಯೋರ ಕೈಲಿ ಬರೆಸಿ ಬರೆಸಿ ಅಲ್ಲಿನ ಗಿಡಗಳ ವಿವರ ತುಂಬಿಸಿದ್ರು. ಡಾಕ್ಟರ್‌ಗಳ ಅಕಾಡೆಮಿ ಅವರನ್ನ ಸೇರಿಸ್ಕೊಂಡು ಪ್ಲಿನಿಯಸ್ ಇಂಡಿಕಸ್ ಅಂತ ಕರೀತು, ಪೂರ್ವದ್ವೀಪಗಳ ಪ್ಲಿನಿ ಅಂತ (ಪ್ಲಿನಿ ಅಂದ್ರೆ ಪ್ರಕೃತಿ ಬಗ್ಗೆ ದೊಡ್ಡ ಗ್ರಂಥ ಬರೆದ ಪ್ರಾಚೀನ ರೋಮಿನ ಲೇಖಕ). ನಿಮಗೆ ಮಾತ್ರ ಸಿಗಲ್ಲಮ್ಮ, ಈ ಪದ್ಧತಿ 1870ರ ಹೊತ್ತಿಗೇ ನಿಂತುಹೋಯ್ತು.